ಕಂತಿನ ಮೇಲೆ ಮೇಷ್ಟರಗಿರಿ

ನೆಲಮಂಗಲ ದಾಟಿ ಬೆಂಗಳೂರಿನ ಕಡೆಗೆ ಬಸ್ಸಿನಲ್ಲಿ ಹೋಗಿಬರುವ ನಮ್ಮ ಓದುಗರಿಗೆ ಮಾಕಳಿ ಹೊಸ ಊರಲ್ಲ. ಹೆದ್ದಾರಿಯ ಪಕ್ಕದಲ್ಲೇ ಹಿಮಾಲಯ ಔಷಧಿ ಕಂಪನಿಯ ಕಟ್ಟಡಗಳು. ಅದಕ್ಕೆ ಸ್ವಲ್ಪ ಮುಂದೆ ಮಾದಾವರ. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ಅಲ್ಲಿಗೆ ಬಂದು ನಿಂತಿತು. ಅಲ್ಲಿಂದಾಚೆಗೆ ಪೀಣ್ಯದ ಸಾಲುಸಾಲು ಶೆಡ್ಡುಗಳು. ಮುಂಜಾನೆ ಪಾಳಿಯ ಹೊತ್ತಿಗೆ ಈ ರಸ್ತೆಯಲ್ಲಿ ನಿಂತು ನೋಡಿದರೆ, ಡಬ್ಬಿಯ ಚೀಲ ಹಿಡಿದು ಓಡುವ ಗಂಡಸರನ್ನೂ ಗಾರ್ಮೆಂಟ್ಸಿನ ವ್ಯಾನಿಗೆ ಕಾಯುವ ಹೆಂಗಸರನ್ನೂ ಎಣಿಸಿ ಮುಗಿಸಲಾಗದು. ಇವರ ಬೆವರಿನಿಂದಲೇ ಬೆಂಗಳೂರು ಬೆಂಗಳೂರಾಗಿದೆ.

ಈ ಊರಿನ ವಠಾರವೊಂದರಲ್ಲಿ ಬಾಡಿಗೆಗಿರುವ ನಮ್ಮ ಸಂಗಾತಿಯೊಬ್ಬರು ಪೀಣ್ಯದ ಶೆಡ್ಡೊಂದರಲ್ಲಿ ಟರ್ನರ್. ಇಪ್ಪತ್ತೆರಡು ವರ್ಷಗಳಿಂದ ಲೇತಿನ ಮುಂದೆ ನಿಂತು ದುಡಿದವರು. ಹೆಂಡತಿ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಾರೆ. ಮಗಳು ಬಿ.ಎಸ್‌ಸಿ. ಪಾಸು ಮಾಡಿದ್ದಾಳೆ, ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ. ಉಪಾಧ್ಯಾಯಿನಿಯಾಗಬೇಕೆಂಬುದು ಅವಳ ಬಾಲ್ಯದ ಆಸೆ. ಈ ಆಸೆಯನ್ನು ಯಾರೋ ಎಲ್ಲಿಂದಲೋ ಮೂಸಿ ಹಿಡಿದರು. ಒಂದು ದಿನ ಫೋನು ಬಂತು: ಮನೆಯಲ್ಲೇ ಕುಳಿತು, ಹತ್ತೇ ತಿಂಗಳಲ್ಲಿ, ಅಂತರರಾಷ್ಟ್ರೀಯ ಶಾಲೆಗಳ ಪ್ರೌಢ ತರಗತಿಗೆ ಭೌತಶಾಸ್ತ್ರದ ಉಪಾಧ್ಯಾಯಿನಿಯಾಗಿರಿ, ಎಲ್ಲವೂ ಆನ್‌ಲೈನ್, ದುಬೈ, ಸಿಂಗಾಪುರ, ಲಂಡನ್ ನಿಮಗಾಗಿ ಕಾದಿವೆ!

ಶುಲ್ಕ 1,60,000 ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 28,800. ಒಟ್ಟು 1,88,800. ಇದು ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕುಳಿತ ತಾಯಿಯ ಒಂದು ವರ್ಷದ ಕೂಲಿಗಿಂತ ಹೆಚ್ಚು. ಚೀಟಿ ಎತ್ತಿದ ನಲವತ್ತು ಸಾವಿರ ಮೊದಲು ಕಟ್ಟಿದರು. ಬೀದಿ ಕೊನೆಯ ಕಿರಾಣಿ ಅಂಗಡಿಯವರು ಕೈಗಡವಾಗಿ ಹದಿನೈದು ಸಾವಿರ ಕೊಟ್ಟರು. ಉಳಿದದ್ದಕ್ಕೆ 'ಸುಲಭ ಕಂತು' ಎಂದರು. ಫೋನಿನಲ್ಲಿ ಒತ್ತಿದ ಒಂದು ಗುಂಡಿ ಯಾವುದೋ ಫೈನಾನ್ಸ್ ಕಂಪನಿಯ ಸಾಲಪತ್ರಕ್ಕೆ ಹಾಕಿದ ಸಹಿಯೆಂಬುದು ಅವರಿಗೆ ತಿಳಿದದ್ದು ಮೊದಲ ಕಂತು ಬ್ಯಾಂಕಿನಲ್ಲಿ ಮುರಿದುಕೊಂಡ ದಿನ.

ಹತ್ತು ತಿಂಗಳಾದ ಮೇಲೆ ಬಣ್ಣದ ಸರ್ಟಿಫಿಕೇಟು ಬಂತು. ದೊಡ್ಡ ಶಾಲೆಯೊಂದರಿಂದ ಸಂದರ್ಶನಕ್ಕೆ ಕರೆಯೂ ಬಂತು. ಅಲ್ಲಿ ಅವಳ ಮುಂದೆ ಒಂದು ತುಂಡು ತಂತಿಯನ್ನೂ ಹತ್ತು ಸ್ಕ್ರೂಗೇಜುಗಳನ್ನೂ ಇಟ್ಟು, ಇಪ್ಪತ್ತು ಮಕ್ಕಳನ್ನು ಕೂರಿಸಿ, ತಂತಿಯ ದಪ್ಪ ಅಳೆಯುವುದನ್ನು ಕಲಿಸಿ ಎಂದರು. ಒಬ್ಬ ಹುಡುಗ ತಿರುಪನ್ನು ಬಿಗಿದು ಬಿಗಿದು ತಂತಿಯನ್ನೇ ಚಪ್ಪಟೆ ಮಾಡಿದ. ಇನ್ನೊಬ್ಬಳು ಶೂನ್ಯದೋಷ ಕಳೆಯದೆ ಲೆಕ್ಕ ಬರೆದಳು. ಮೂರನೆಯವನು ಪಕ್ಕದವನದನ್ನು ನಕಲು ಮಾಡಿದ. ನಮ್ಮ ಹುಡುಗಿ ಎಲ್ಲಿ ಹೋಗಿ ಯಾರಿಗೆ ಏನು ಹೇಳಬೇಕೆಂದು ತೋಚದೆ ನಿಂತುಬಿಟ್ಟಳು. ಅವಳಿಗೆ ಅಳೆಯಲು ಬರುತ್ತಿತ್ತು. ಅಳೆಯುವುದನ್ನು ಕಲಿಸಲು ಬರುತ್ತಿರಲಿಲ್ಲ. ಆ ಹತ್ತು ತಿಂಗಳಲ್ಲಿ ಅವಳು ಒಂದು ದಿನವಾದರೂ ನಿಜವಾದ ತರಗತಿಯ ಮುಂದೆ ನಿಂತಿರಲಿಲ್ಲ.

ಅಂದು ರಾತ್ರಿ ತಂದೆ ಅವಳಿಗೆ ಹೇಳಿದ ಮಾತನ್ನು ನಮ್ಮೆದುರು ಮತ್ತೆ ಹೇಳಿದರು: "ನಮ್ಮ ಶೆಡ್ಡಿಗೆ ಹೊಸ ಹುಡುಗ ಬಂದರೆ ಮೊದಲ ವಾರ ಅವನ ಕೈ ಹಿಡಿದೇ ಮೈಕ್ರೋಮೀಟರ್ ತಿರುಗಿಸ್ತೀನಿ ಕಣಮ್ಮ. ಎಷ್ಟು ಬಿಗೀಬೇಕು ಅನ್ನೋದು ಬಾಯಲ್ಲಿ ಹೇಳೋಕಾಗಲ್ಲ, ಬೆರಳಿಗೇ ಗೊತ್ತಾಗಬೇಕು. ಅಷ್ಟು ದುಡ್ಡು ಇಸ್ಕೊಂಡೋರು ನಿನ್ನ ಕೈ ಒಂದು ದಿನಾನೂ ಹಿಡೀಲಿಲ್ವಲ್ಲ."

ಒಬ್ಬ ಟರ್ನರನಿಗೆ ತಿಳಿದಿರುವ ಈ ಸತ್ಯ ವಿದ್ಯೆಯ ವ್ಯಾಪಾರಿಗಳಿಗೆ ತಿಳಿಯದೇ? ಚೆನ್ನಾಗಿ ತಿಳಿದಿದೆ. ತಿಳಿದೇ ಮಾರುತ್ತಿದ್ದಾರೆ.

ಆಸೆ ಸುಳ್ಳಲ್ಲ, ಸರಕು ಸುಳ್ಳು

ನಾವು ಆ ಹುಡುಗಿಯ ಆಸೆಯನ್ನು ಹಳಿಯುವವರಲ್ಲ. ಕೂಲಿಕಾರನ ಮಗಳು ಧನಿಕರ ಶಾಲೆಯಲ್ಲಿ ಪಾಠ ಹೇಳಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಭೌತಶಾಸ್ತ್ರ ಬಲ್ಲ ಉಪಾಧ್ಯಾಯರಿಗೆ ಲೋಕದಲ್ಲಿ ಬೇಡಿಕೆ ಇರುವುದೂ ನಿಜ. ಇಂಗ್ಲೆಂಡಿನಲ್ಲಿ 2022ರಲ್ಲಿ ಭೌತಶಾಸ್ತ್ರದ ಉಪಾಧ್ಯಾಯ ತರಬೇತಿಗೆ ಸೇರಿದವರ ಸಂಖ್ಯೆ ಅಲ್ಲಿನ ಸರ್ಕಾರ ಇಟ್ಟುಕೊಂಡ ಗುರಿಯ ಐದನೇ ಒಂದು ಪಾಲನ್ನೂ ಮುಟ್ಟಲಿಲ್ಲ. 2023ರಲ್ಲಿ ಆ ಸರ್ಕಾರ ಭಾರತದ ಗಣಿತ, ವಿಜ್ಞಾನ ಮತ್ತು ಭಾಷಾ ಉಪಾಧ್ಯಾಯರಿಗೆ ತನ್ನ ಅರ್ಹತಾಪತ್ರದ ಬಾಗಿಲು ತೆರೆಯಿತು. ಹೊರದೇಶದಿಂದ ಬರುವ ಭೌತಶಾಸ್ತ್ರದ ಮೇಷ್ಟರಿಗೆ ಹತ್ತು ಸಾವಿರ ಪೌಂಡುಗಳ ಸ್ಥಳಾಂತರ ವೆಚ್ಚ ಕೊಡುವುದಾಗಿಯೂ ಹೇಳಿತು. ಒಂದು ಕಾಲಕ್ಕೆ ನಮ್ಮ ಹತ್ತಿಯನ್ನು ಹೊತ್ತೊಯ್ದು ಬಟ್ಟೆ ಮಾಡಿ ನಮಗೇ ಮಾರಿದವರು ಈಗ ನಮ್ಮ ಮೇಷ್ಟರನ್ನು ಕೊಂಡೊಯ್ಯಲು ಬಂದಿದ್ದಾರೆ!

ಈ ನಿಜವಾದ ಬೇಡಿಕೆಯ ಬೆನ್ನಿಗೇ ಸುಳ್ಳು ಸರಕು ಅಂಟಿಕೊಂಡಿದೆ. ಒಳ್ಳೆಯ ಅಕ್ಕಿಯ ಭಾವ ಏರಿದಾಗಲೇ ಅಲ್ಲವೇ ಕಲ್ಲು ಬೆರೆಸುವವರು ಮಾರುಕಟ್ಟೆಗೆ ಬರುವುದು? ವ್ಯಾಪಾರ ಮಾಡುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸರಕಿನ ಮೋಸ ಎಲ್ಲಿದೆಯೆಂಬುದನ್ನು ನೋಡೋಣ. ಐ.ಬಿ. ಎಂದು ಕರೆಯುವ ಪಠ್ಯಪದ್ಧತಿ 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ್ದು. ದೇಶದಿಂದ ದೇಶಕ್ಕೆ ವರ್ಗವಾಗುವ ರಾಯಭಾರಿಗಳ, ಅಧಿಕಾರಿಗಳ ಮಕ್ಕಳಿಗೆ ಅನುಕೂಲವಾಗಲೆಂದು ಮಾಡಿದ್ದು. ಭಾರತದಲ್ಲಿ 1976ರಲ್ಲಿ ಕೊಡೈಕೆನಾಲಿನ ಅಂತರರಾಷ್ಟ್ರೀಯ ಶಾಲೆ ಇದನ್ನು ಮೊದಲು ತಂದಿತು. ಈ ಪದ್ಧತಿಯ ಡಿಪ್ಲೊಮಾ ಹಂತದಲ್ಲಿ ಭೌತಶಾಸ್ತ್ರದ ನೂರು ಅಂಕಗಳಲ್ಲಿ ಇಪ್ಪತ್ತು, ವಿದ್ಯಾರ್ಥಿ ತಾನೇ ಯೋಜಿಸಿ ತಾನೇ ನಡೆಸುವ ಶೋಧನೆಗೆ ಮೀಸಲು. ಕೇಂಬ್ರಿಜ್ ಪದ್ಧತಿಯ ಐ.ಜಿ.ಸಿ.ಎಸ್.ಇ. ಪರೀಕ್ಷೆಯಲ್ಲೂ ಐದನೇ ಒಂದು ಪಾಲು ಪ್ರಯೋಗ ಕೌಶಲ್ಯಕ್ಕೆ. ಅಂದರೆ, ಯಾವ ಶಾಲೆಗಳ ಹೆಸರು ಹೇಳಿ ಈ ತರಬೇತಿ ಮಾರುತ್ತಾರೋ ಅದೇ ಶಾಲೆಗಳು ಬೇಡುವುದು ಪ್ರಯೋಗ ಬಲ್ಲ ಕೈಯನ್ನು. ಇವರು ಮಾರುವುದು ಪ್ರಯೋಗವನ್ನೇ ಕಾಣದ ಸರ್ಟಿಫಿಕೇಟನ್ನು. ಈಜು ಕಲಿಸುತ್ತೇನೆಂದು ನೀರಿನ ಚಿತ್ರ ತೋರಿಸಿ ದುಡ್ಡು ಎಣಿಸಿಕೊಳ್ಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪರದೆಯ ಮೇಲಿನ ಲೋಲಕ ಎಂದೂ ತಪ್ಪುವುದಿಲ್ಲ. ಒಂದು ಮೀಟರ್ ದಾರ, ಒಂದು ಗುಂಡು. ಹೋಗಿಬರಲು ಸುಮಾರು ಎರಡು ಸೆಕೆಂಡು. ಆದರೆ ನಿಜವಾದ ತರಗತಿಯಲ್ಲಿ ಕೊಕ್ಕೆ ಸಡಿಲವಾಗುತ್ತದೆ. ಹುಡುಗರು ಎಣಿಕೆಯನ್ನು ಸೊನ್ನೆಯ ಬದಲು ಒಂದರಿಂದ ಆರಂಭಿಸುತ್ತಾರೆ. ಗುಂಡು ವೃತ್ತಾಕಾರವಾಗಿ ತಿರುಗುತ್ತದೆ. ವಿದ್ಯುತ್ತಿನ ಪಾಠದಲ್ಲಿ ತಂತಿ ಬಿಸಿಯಾಗಿ ಓಮನ ಸರಳರೇಖೆ ಡೊಂಕಾಗುತ್ತದೆ. ತಪ್ಪು ಎಲ್ಲಿ ಆಯಿತು ಎಂದು ಕಂಡುಹಿಡಿದು, ಆ ತಪ್ಪಿನ ಮೂಲಕವೇ ಮಗುವಿಗೆ ನಿಯಮ ತೋರಿಸುವವನೇ ಭೌತಶಾಸ್ತ್ರದ ಉಪಾಧ್ಯಾಯ. ತಪ್ಪೇ ಆಗದ ಯಂತ್ರದ ಮುಂದೆ ಕುಳಿತು ಈ ವಿದ್ಯೆ ಬರುವುದಿಲ್ಲ.

ಬಾಗಿಲಿನೊಳಗೊಂದು ಬೀಗ

ಹೊರದೇಶದ ವಿಶ್ವವಿದ್ಯಾನಿಲಯಗಳೇ ಕೊಡುವ ದೂರ ತರಬೇತಿಗಳಿಲ್ಲವೇ ಎಂದು ಕೇಳುವವರಿದ್ದಾರೆ. ಇವೆ. ಅವುಗಳಲ್ಲಿ ಪ್ರಾಮಾಣಿಕವಾದವೂ ಇವೆ. ಆದರೆ ಇಂಗ್ಲೆಂಡಿನ ಹಲವು ವಿಶ್ವವಿದ್ಯಾನಿಲಯಗಳು ಹೊರನಾಡಿನವರಿಗೆ ಕೊಡುವ ಅಂತರರಾಷ್ಟ್ರೀಯ ಪಿ.ಜಿ.ಸಿ.ಇ. ಪತ್ರ, ಅಲ್ಲಿ ಉಪಾಧ್ಯಾಯನಾಗಲು ಬೇಕಾದ ಅರ್ಹತಾಪತ್ರವನ್ನು ತಾನೇ ತಾನಾಗಿ ಕೊಡುವುದಿಲ್ಲ. ಈ ಮಾತನ್ನು ಫೋನು ಮಾಡುವವರು ಹೇಳುವರೇ? ಇಲ್ಲಿ ನಮ್ಮ ಸರ್ಕಾರಿ ಪ್ರೌಢಶಾಲೆಯ ಕಾಯಂ ಹುದ್ದೆಗೆ ಅರ್ಜಿ ಹಾಕಬೇಕಾದರೆ ಬಿ.ಎಡ್. ಬೇಕು, ಬಣ್ಣದ ಸರ್ಟಿಫಿಕೇಟಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ಹೀಗೆ ನಮ್ಮ ಹುಡುಗಿ ಅಲ್ಲಿಗೂ ಸಲ್ಲಲಿಲ್ಲ, ಇಲ್ಲಿಗೂ ಸಲ್ಲಲಿಲ್ಲ.

ಇಂಗ್ಲೆಂಡಿನ ಸರ್ಕಾರ 2022ರಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿದ ಅಂತರರಾಷ್ಟ್ರೀಯ ಅರ್ಹತಾ ತರಬೇತಿ ಇದಕ್ಕಿಂತ ಗಟ್ಟಿಯಾದದ್ದು. ಅದರಲ್ಲಿ ಓದು ದೂರದಿಂದ ನಡೆದರೂ, ಅಭ್ಯರ್ಥಿ ತಾನಿರುವ ದೇಶದ ಶಾಲೆಯೊಂದರಲ್ಲಿ ನಿಂತು ಅನುಭವಸ್ಥರ ಕಣ್ಣೆದುರು ಪಾಠ ಮಾಡಲೇಬೇಕು. ಸರಿಯಾದ ಕ್ರಮ. ಆದರೆ ಆ ಶಾಲೆ ಎಲ್ಲಿಂದ ಬರಬೇಕು? ದೊಡ್ಡ ಶಾಲೆಯಲ್ಲಿ ಈಗಾಗಲೇ ಕೆಲಸದಲ್ಲಿರುವವರಿಗೆ, ಇಲ್ಲವೇ ಆಡಳಿತವರ್ಗದ ಪರಿಚಯವಿರುವವರಿಗೆ ಅದು ಸುಲಭ. ಮಾಕಳಿಯ ವಠಾರದ ಹುಡುಗಿಗೆ? ಕೆಲಸ ಬೇಕಾದರೆ ಸರ್ಟಿಫಿಕೇಟು ತಾ; ಸರ್ಟಿಫಿಕೇಟು ಬೇಕಾದರೆ ಶಾಲೆಯೊಳಗೆ ಬಾ; ಶಾಲೆಯೊಳಗೆ ಬರಬೇಕಾದರೆ ಮೊದಲು ಕೆಲಸ ಪಡೆ! ಈ ಬೀಗದ ಕೈ ಯಾರ ಸೊಂಟದಲ್ಲಿದೆಯೆಂಬುದನ್ನು ಬೇರೆ ಹೇಳಬೇಕೇ?

ಅಂಗಡಿ ತೆರೆಸಿದವರು ಯಾರು?

ವ್ಯಾಪಾರಿಯನ್ನು ಬೈದು ಸುಮ್ಮನಾಗುವುದು ಅರ್ಧ ಸತ್ಯವಾದೀತು. ಅವನಿಗೆ ಅಂಗಡಿ ಹಾಕಲು ಜಾಗ ಬಿಟ್ಟುಕೊಟ್ಟವರು ಆಳುವವರು.

ಬಿ.ಎಡ್. ಮಾಡಬಹುದಿತ್ತಲ್ಲ ಎನ್ನುವಿರಿ. ಎನ್.ಸಿ.ಟಿ.ಇ. ಎಂಬ ಕೇಂದ್ರ ಮಂಡಳಿಯ 2014ರ ನಿಯಮಗಳಂತೆ ಬಿ.ಎಡ್. ಎರಡು ವರ್ಷದ ಓದಾಯಿತು. ಇಪ್ಪತ್ತು ವಾರ ಶಾಲೆಯಲ್ಲಿ ಅಭ್ಯಾಸ ಪಾಠ ಕಡ್ಡಾಯವಾಯಿತು. ನಿಯಮ ಒಳ್ಳೆಯದೇ. ಆದರೆ ಆ ಎರಡು ವರ್ಷ ಮನೆಯ ಅನ್ನ ಯಾರು ಹಾಕುವರು? ದುಡಿಯುವವರ ಮಕ್ಕಳಿಗೆ ವಿದ್ಯಾರ್ಥಿವೇತನವನ್ನೂ ಸರ್ಕಾರಿ ಸೀಟನ್ನೂ ಹೆಚ್ಚಿಸದೆ ವರ್ಷ ಮಾತ್ರ ಹೆಚ್ಚಿಸಿದರೆ, ಬಡವರು 'ಹತ್ತೇ ತಿಂಗಳು' ಎನ್ನುವವನ ಬಲೆಗೆ ಬೀಳದೆ ಇನ್ನೇನು ಮಾಡುವರು?

ಇನ್ನು ಆ ಬಿ.ಎಡ್. ಕಾಲೇಜುಗಳೆಲ್ಲ ವಿದ್ಯಾಮಂದಿರಗಳೆಂದು ಯಾರೂ ಭ್ರಮಿಸಬೇಕಾಗಿಲ್ಲ. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಈ ರಂಗದ ಕೊಳೆಯನ್ನು ಬಯಲಿಗೆಳೆಯಿತು. ಆ ವರದಿಯನ್ನೇ ಆಧರಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಪ್ಪಿಕೊಂಡಿದೆ: ದೇಶದಲ್ಲಿ ಬಿಡಿಬಿಡಿಯಾಗಿ ನಡೆಯುವ ಹತ್ತು ಸಾವಿರಕ್ಕೂ ಮೇಲ್ಪಟ್ಟ ಉಪಾಧ್ಯಾಯ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು, ತರಬೇತಿಯ ಪ್ರಯತ್ನವನ್ನೇ ಮಾಡದೆ ಪದವಿಯನ್ನು ಬೆಲೆಗೆ ಮಾರುತ್ತಿವೆ. ಸರ್ಕಾರವೇ ಒಪ್ಪಿಕೊಂಡ ಕಳ್ಳತನವಿದು! ಆದ್ದರಿಂದ ಕಟ್ಟಡ ಒಳ್ಳೆಯದು, ಪರದೆ ಕೆಟ್ಟದ್ದು ಎಂಬುದು ನಮ್ಮ ವಾದವಲ್ಲ. ಕಟ್ಟಡದಲ್ಲಿ ಮಾರಿದರೂ ಪರದೆಯಲ್ಲಿ ಮಾರಿದರೂ ಮಾರಾಟ ಮಾರಾಟವೇ.

ದೂರದಿಂದ ಕಲಿಯುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಹಗಲು ದುಡಿದು ರಾತ್ರಿ ಓದಿದ ಎಷ್ಟೋ ಗುಮಾಸ್ತರು, ಕಾರ್ಮಿಕರು ಅದರಿಂದ ಪದವೀಧರರಾದರು. ಆದರೆ ಆ ಸಾರ್ವಜನಿಕ ಸಂಸ್ಥೆಯೂ ಖಾಸಗಿಯವರ ಪಾಲುಗಾರಿಕೆಯಲ್ಲಿ ರಾಜ್ಯದ ಹೊರಗೆ ಕೇಂದ್ರಗಳನ್ನು ನಡೆಸಹೊರಟು, 2012-13ರ ನಂತರ ಯು.ಜಿ.ಸಿ. ಮಾನ್ಯತೆ ಕಳೆದುಕೊಂಡಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಏನೂ ತಪ್ಪು ಮಾಡದ ವಿದ್ಯಾರ್ಥಿಗಳು ತಮ್ಮ ಪದವಿಗೆ ಬೆಲೆ ಇದೆಯೋ ಇಲ್ಲವೋ ಎಂದು ಕಚೇರಿಯಿಂದ ಕಚೇರಿಗೆ ಅಲೆದರು. ಜನರ ಸಂಸ್ಥೆಗೆ ವ್ಯಾಪಾರದ ಗಾಳಿ ತಾಗಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಪಾಠ ಬೇಕೇ?

ಇನ್ನು ಪೂರಾ ಖಾಸಗಿಯಾದರೆ? ಬೆಂಗಳೂರಿನಲ್ಲೇ 2011ರಲ್ಲಿ ಹುಟ್ಟಿ, ಮಕ್ಕಳಿಗೆ ಪರದೆಯ ಪಾಠ ಮಾರಿ, 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯದೆಂದು ಬಂಡವಾಳಗಾರರು ಹೊಗಳಿದ ಬೈಜೂಸ್ ಕಂಪನಿಯ ಮೇಲೆ 2024ರ ಜುಲೈಯಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆ ಆರಂಭಿಸಿತು. ಕಂಪನಿ ಮುಳುಗಬಹುದು, ಪಾಠಕ್ಕೆಂದು ಫೈನಾನ್ಸಿನವರಲ್ಲಿ ಮಾಡಿದ ಸಾಲ ಮುಳುಗುವುದಿಲ್ಲ.

ಎರಡು ಬಗೆಯ ಶಾಲೆ, ಎರಡು ಬಗೆಯ ಮಕ್ಕಳು

ಇಷ್ಟೆಲ್ಲ ಸಾಲ ಮಾಡಿ ಆ ಹುಡುಗಿ ಯಾವ ಶಾಲೆಗೆ ಹೋಗಹೊರಟಳು? ತನ್ನ ಸ್ವಂತ ತಮ್ಮ ಎಂದೂ ಕಾಲಿಡಲಾರದ ಶಾಲೆಗೆ. ಆ ತಮ್ಮ ಓದುವುದು ಸರ್ಕಾರಿ ಪ್ರೌಢಶಾಲೆಯಲ್ಲಿ. ಅಲ್ಲಿ ಪಿ.ಸಿ.ಎಂ. ಎಂಬ ಒಂದೇ ಹುದ್ದೆಯವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಹೊರಬೇಕು. ಆ ಹುದ್ದೆ ಖಾಲಿ ಬಿದ್ದರೆ ಅತಿಥಿ ಶಿಕ್ಷಕರು. ಪ್ರೌಢಶಾಲೆಯ ಅತಿಥಿ ಶಿಕ್ಷಕರಿಗೆ ನಮ್ಮ ಸರ್ಕಾರ 2024ರವರೆಗೆ ಕೊಡುತ್ತಿದ್ದದ್ದು ತಿಂಗಳಿಗೆ ಹತ್ತೂವರೆ ಸಾವಿರ. 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿ ಬೆನ್ನು ತಟ್ಟಿಕೊಂಡಿತು. ಬಿ.ಎಸ್‌ಸಿ., ಬಿ.ಎಡ್. ಮಾಡಿದವರಿಗೆ ಇದು ಸಂಬಳವೋ, ಭಿಕ್ಷೆಯೋ? ಅತಿಥಿಯನ್ನು ಹೀಗೆ ಉಪವಾಸ ಕೆಡಹುವ ಮನೆ ನಮ್ಮ ನಾಡಿನಲ್ಲಿ ಬೇರೊಂದಿಲ್ಲ! ಇಲ್ಲಿ ಬದುಕು ಸಾಗುವಂತಿದ್ದರೆ ಆ ಹುಡುಗಿ ಲಂಡನ್ನಿನ ಕನಸು ಕೊಳ್ಳಲು ಚೀಟಿ ಎತ್ತುತ್ತಿದ್ದಳೇ?

ಇದಕ್ಕೆ ಮದ್ದನ್ನು ಹೇಳಿದವರು ಬೇರಾರೂ ಅಲ್ಲ, ಒಬ್ಬ ಭೌತವಿಜ್ಞಾನಿ. ದೌಲತ್ ಸಿಂಗ್ ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ 1964ರಿಂದ 1966ರವರೆಗೆ ದೇಶವನ್ನೆಲ್ಲ ಸುತ್ತಿ, ಸಿರಿವಂತರ ಮಗುವೂ ಬಡವರ ಮಗುವೂ ನೆರೆಹೊರೆಯ ಒಂದೇ ಶಾಲೆಯಲ್ಲಿ ಕಲಿಯುವ ಸಮಾನ ಶಾಲಾ ಪದ್ಧತಿ ಬೇಕೆಂದಿತು. ರಾಷ್ಟ್ರೀಯ ಆದಾಯದ ನೂರಕ್ಕೆ ಆರು ಪಾಲನ್ನು ವಿದ್ಯೆಗೆ ವೆಚ್ಚ ಮಾಡಬೇಕೆಂದಿತು. ಅರುವತ್ತು ವರ್ಷ ಕಳೆಯಿತು. ಆರು ಪಾಲು ಇಂದಿಗೂ ಬರಲಿಲ್ಲ. ಸಮಾನ ಶಾಲೆಯ ಬದಲು ಬೆಂಗಳೂರಿನ ಸುತ್ತ ಹವಾನಿಯಂತ್ರಿತ ಶಾಲೆಗಳು ಬಂದವು.

ಜನರ ಹಣದಲ್ಲಿ ಒಳ್ಳೆಯ ಉಪಾಧ್ಯಾಯರನ್ನು ತಯಾರಿಸಲು ಸಾಧ್ಯವಿಲ್ಲವೆಂದು ಹೇಳುವವರು ಮೈಸೂರಿಗೆ ಹೋಗಿ ನೋಡಲಿ. ಮಾನಸಗಂಗೋತ್ರಿಯ ಬಳಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಜ್ಞಾನವನ್ನೂ ಬೋಧನೆಯನ್ನೂ ಕೂಡಿಸಿ ನಾಲ್ಕು ವರ್ಷ ಕಲಿಸುವ ಕ್ರಮವಿದೆ. ಆವರಣದಲ್ಲೇ ಅಭ್ಯಾಸ ಪಾಠಕ್ಕೆ ಶಾಲೆಯೂ ಇದೆ. ಆದರೆ ಅದರ ಸೀಟಿಗೆ ದಕ್ಷಿಣದ ರಾಜ್ಯಗಳ ಮಕ್ಕಳೆಲ್ಲ ಸ್ಪರ್ಧಿಸಬೇಕು. ದಾರಿ ತಿಳಿದಿದೆ, ಜಿಲ್ಲೆಗೊಂದು ಮಾಡುವ ಮನಸ್ಸಿಲ್ಲ.

ಗೌರಿಬಿದನೂರಿನ ಹೊಸೂರಿನ ಕಡುಬಡತನದ ಮನೆಯಲ್ಲಿ ಹುಟ್ಟಿದ ಹುಡುಗನೊಬ್ಬ ಓದಿನ ಹಂಬಲದಿಂದ ಬೆಂಗಳೂರಿಗೆ ನಡೆದೇ ಬಂದ. ಆತನೇ ಮುಂದೆ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ, 1972ರಿಂದ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯ. ಆ ಬಾಲಕನ ಕೈ ಹಿಡಿದದ್ದು ಸಾಲದ ಕಂತಲ್ಲ. ಊರಿನ ಶಾಲೆ, ಮನಸ್ಸುಳ್ಳ ಮೇಷ್ಟರು, ಉಚಿತ ವಿದ್ಯಾರ್ಥಿನಿಲಯ. ಇಂದು ಮಾಕಳಿಯಲ್ಲಿ ಹುಟ್ಟುವ ನರಸಿಂಹಯ್ಯನ ಕೈ ಹಿಡಿಯುವವರು ಯಾರು?

ನಾವು ಕೇಳುವುದೇನು?

ಮೊದಲನೆಯದು: ಪ್ರತಿ ಜಿಲ್ಲೆಯಲ್ಲೂ ಸರ್ಕಾರಿ ಕಾಲೇಜೊಂದರಲ್ಲಿ ನಾಲ್ಕು ವರ್ಷದ ವಿಜ್ಞಾನ ಉಪಾಧ್ಯಾಯ ಶಿಕ್ಷಣ ಆರಂಭವಾಗಲಿ, ದುಡಿಯುವವರ ಮಕ್ಕಳಿಗೆ ಶುಲ್ಕ ಬೇಡ, ಊಟ ವಸತಿಗೆ ವೇತನ ಬೇಕು.

ಎರಡನೆಯದು: ಆನ್‌ಲೈನ್ ಪಾಠವನ್ನು ಸರ್ಕಾರ ತಾನೇ ಕನ್ನಡದಲ್ಲಿ ಪುಕ್ಕಟೆಯಾಗಿ ಕೊಡಲಿ. ಕೇಂದ್ರದ 'ಸ್ವಯಂ' ವೇದಿಕೆ 2017ರಿಂದ ಇದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ನೊಬೆಲ್ ವಿಜೇತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ 'ಫೆಟ್' ಎಂಬ ಪರದೆ ಪ್ರಯೋಗಗಳು ಹಣವಿಲ್ಲದೆ ಸಿಗುತ್ತವೆ, ಕನ್ನಡದಲ್ಲೂ ಸಿಗುತ್ತವೆ. ಓದು ಪರದೆಯಲ್ಲಾಗಲಿ, ಆದರೆ ಪ್ರಯೋಗ ಕೈಯಲ್ಲಿ, ಅಭ್ಯಾಸ ಪಾಠ ಹತ್ತಿರದ ಸರ್ಕಾರಿ ಶಾಲೆಯಲ್ಲಿ, ಅನುಭವಸ್ಥ ಮೇಷ್ಟರ ಎದುರಿನಲ್ಲೇ ನಡೆಯಬೇಕು.

ಮೂರನೆಯದು: ಉಪಾಧ್ಯಾಯ ತರಬೇತಿ ಮಾರುವವರು, ಈ ಪತ್ರಕ್ಕೆ ಯಾವ ಸರ್ಕಾರದ ಮಾನ್ಯತೆ ಇದೆ, ಶಾಲೆಯಲ್ಲಿ ಎಷ್ಟು ವಾರ ಪಾಠ ಮಾಡಿಸುವರು, ಬಿಟ್ಟರೆ ಹಣ ಎಷ್ಟು ಮರಳುವುದು ಎಂಬುದನ್ನು ಮೊದಲ ಪುಟದಲ್ಲೇ ಕನ್ನಡದಲ್ಲಿ ಅಚ್ಚು ಮಾಡಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ ಬೆಲೆ ಅಚ್ಚಾಗಬೇಕೆಂದು ಕಾನೂನಿದೆ. ಬದುಕನ್ನೇ ಮಾರುವ ಪೊಟ್ಟಣಕ್ಕೆ ಬೇಡವೇ?

ನಾಲ್ಕನೆಯದು: ಅತಿಥಿ ಶಿಕ್ಷಕರೆಂಬ ಈ ಜೀತ ನಿಲ್ಲಲಿ. ಖಾಲಿ ಹುದ್ದೆಗಳನ್ನು ಕಾಯಂ ಆಗಿ ತುಂಬಿ, ಪ್ರತಿ ಪ್ರೌಢಶಾಲೆಗೂ ಬೀಗ ಹಾಕದ ಪ್ರಯೋಗಶಾಲೆ ಕೊಡಲಿ.

ಸರ್ಕಾರ ಕಣ್ಣು ಬಿಡುವವರೆಗೆ ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಸಂಘದ ಕಚೇರಿಗೆ ಬನ್ನಿ. ಮಗಳು ಗುಂಡಿ ಒತ್ತುವ ಮೊದಲು ಕಾಗದ ತೋರಿಸಿ. ಕೈಗಡ ಕೊಡುವ ಅಂಗಡಿಯವರೂ ಮೇಲಿನ ಮೂರು ಪ್ರಶ್ನೆ ಕೇಳಿಯೇ ಕೊಡಲಿ. ಪೀಣ್ಯದ ಟರ್ನರುಗಳು, ಫಿಟ್ಟರುಗಳು ತಿಂಗಳಿಗೊಂದು ಭಾನುವಾರ ತಮ್ಮ ವರ್ನಿಯರು, ಮೈಕ್ರೋಮೀಟರುಗಳೊಡನೆ ಊರಿನ ಶಾಲೆಗೆ ಹೋಗಲಿ, ನಮ್ಮ ಬಿ.ಎಸ್‌ಸಿ. ಹುಡುಗಿಯರು ಅವರ ಪಕ್ಕದಲ್ಲಿ ನಿಂತು ಮಕ್ಕಳಿಗೆ ಕಲಿಸಲಿ. ಮಾಕಳಿಯ ಆ ಹುಡುಗಿ ಈ ಕೆಲಸಕ್ಕೆ ಒಪ್ಪಿದ್ದಾಳೆ. ಅವಳ ತಂದೆಯೂ ಬರುತ್ತೇನೆಂದಿದ್ದಾರೆ.

ಅವಳ ಸಾಲದಲ್ಲಿ ಇನ್ನೂ ಹನ್ನೊಂದು ಕಂತು ಬಾಕಿ ಇದೆ. ಅದನ್ನು ಮನೆಯವರು ತೀರಿಸುವರು, ದುಡಿಯುವವರು ಎಂದೂ ಸಾಲ ಮುಳುಗಿಸಿದವರಲ್ಲ. ಆದರೆ ಅರುವತ್ತು ವರ್ಷಗಳಿಂದ ಈ ದೇಶದ ಆಳುವವರು ನಮ್ಮ ಮಕ್ಕಳಿಗೆ ಕೊಡಬೇಕಾದ ಬಾಕಿಯ ಲೆಕ್ಕ ಏನಾಯಿತು? ಅದನ್ನು ವಸೂಲು ಮಾಡುವ ಸರದಿ ಈಗ ನಮ್ಮದು.